ಐದು ಲೀಟರ್ ಬಿಸಿನೀರಲ್ಲಿ ಸ್ನಾನ

ಪ್ರಶ್ನೆ: ಮೇಡಂ, ನಾನು ಮತ್ತು ನನ್ನ ಹೆಂಡತಿ ಒಂಬತ್ತು ಮೀಟರ್ ಉದ್ದದ ಹಾಯಿದೋಣಿ ತೆಗೆದುಕೊಂಡಿದ್ದೇವೆ. ವಾರಗಟ್ಟಲೆ ದೋಣಿಯಲ್ಲೇ ಇರಬೇಕು ಅಂತ ಆಸೆ. ನೀರಿನ ಟ್ಯಾಂಕ್ 150 ಲೀಟರ್. ಪುಟ್ಟ ಬಚ್ಚಲು, ಶವರ್ ಇದೆ. ಬಿಸಿನೀರಿಗೆ ಏನೂ ಇಲ್ಲ. ಅವಳಿಗೆ ತಣ್ಣೀರು ಒಗ್ಗುವುದಿಲ್ಲ. ಬ್ಯಾಟರಿಯಿಂದ ನಡೆಯುವ ಗೀಸರ್ ಹಾಕಿಸಬಹುದೇ?

ಉತ್ತರ: ಬೇಡ. ಲೆಕ್ಕ ನೋಡಿದರೆ ನಿಮಗೇ ಗೊತ್ತಾಗುತ್ತದೆ. 20 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 0.8 ಯೂನಿಟ್ ಕರೆಂಟ್ ಬೇಕು. 12 ವೋಲ್ಟ್ ಬ್ಯಾಟರಿಯಲ್ಲಿ ಅದು ಹತ್ತಿರ ಹತ್ತಿರ 70 ಆಂಪಿಯರ್-ಅವರ್. ಇನ್ವರ್ಟರ್ ತಿನ್ನುವುದು ಬೇರೆ. 100 ಆಂಪಿಯರ್-ಅವರ್‌ನ ಲೆಡ್-ಆಸಿಡ್ ಬ್ಯಾಟರಿಯಿಂದ ದಿನಾ ಅರ್ಧಕ್ಕಿಂತ ಜಾಸ್ತಿ ಎಳೆದರೆ ಅದು ಬೇಗ ಕೈಕೊಡುತ್ತದೆ. ಒಂದು ಸಲ ನೀರು ಕಾಯಿಸುವಷ್ಟರಲ್ಲಿ ದೀಪ, ಫ್ರಿಜ್, ರೇಡಿಯೊ ಎಲ್ಲದರ ಪಾಲೂ ಖಾಲಿ.

ಯಾವ ಗೀಸರ್ ಅನ್ನುವುದನ್ನು ಸ್ವಲ್ಪ ಬದಿಗಿಡಿ. ಒಬ್ಬರ ಸ್ನಾನಕ್ಕೆ ಎಷ್ಟು ನೀರು ಬೇಕು ಅಂತ ಮೊದಲು ಕೇಳಿಕೊಳ್ಳಿ. ಮನೆಯ ಶವರ್‌ನಿಂದ ನಿಮಿಷಕ್ಕೆ ಎಂಟು-ಹತ್ತು ಲೀಟರ್ ಬೀಳುತ್ತದೆ. ಎಂಟು ನಿಮಿಷ ಅದರ ಕೆಳಗೆ ನಿಂತರೆ ನಿಮ್ಮ ಅರ್ಧ ಟ್ಯಾಂಕ್ ಹೋಯಿತು. ನಮ್ಮ ದೋಣಿಯಲ್ಲಿ ಒಬ್ಬರಿಗೆ ಐದು ಲೀಟರ್. ತಲೆಗೂ ಹಾಕಿಕೊಂಡರೆ ಏಳೂವರೆ. ಇದರಲ್ಲಿ ಚೆನ್ನಾಗಿಯೇ ಸ್ನಾನ ಆಗುತ್ತದೆ. ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ, ನನ್ನದು ಸೊಂಟದವರೆಗಿನ ಕೂದಲು.

ಮಾಡುವುದು ಹೀಗೆ. ಗಿಡಗಳಿಗೆ ಔಷಧಿ ಹೊಡೆಯಲು ಕೈಯಿಂದ ಪಂಪ್ ಮಾಡುವ ಸ್ಪ್ರೇಯರ್ ಬರುತ್ತದಲ್ಲ, ಎಂಟು ಲೀಟರಿನದು, ಅದನ್ನು ತನ್ನಿ. ಹೊಸದೇ ಆಗಿರಬೇಕು. ಒಮ್ಮೆ ಔಷಧಿ ಕಂಡ ಡಬ್ಬಿ ಎಷ್ಟು ತೊಳೆದರೂ ಮೈಗೆ ಬೇಡ. ಮೂತಿ ತೆಗೆದು ಅಡುಗೆಮನೆ ಸಿಂಕಿನ ಸಣ್ಣ ಶವರ್ ಹಿಡಿ ಕೂರಿಸಿ, ಬೆರಳು ಒತ್ತಿದಾಗ ಮಾತ್ರ ನೀರು ಬರುವಂಥದ್ದು. ಮೊದಲು ನಾಲ್ಕು ಲೀಟರ್ ತಣ್ಣೀರು ಹಾಕಿ, ಆಮೇಲೆ ಒಂದು ಲೀಟರ್ ಕೊತಕೊತ ಕುದಿಯುವ ನೀರು. ಟ್ಯಾಂಕಿನ ನೀರು 25 ಡಿಗ್ರಿ ಇದ್ದರೆ ಎರಡೂ ಸೇರಿ ಸರಿಯಾಗಿ 40 ಡಿಗ್ರಿ, ಅಂದರೆ ಸ್ನಾನದ ಹದ. ನೀರು 20 ಡಿಗ್ರಿಯಷ್ಟು ತಣ್ಣಗಿದ್ದರೆ ಒಂದಕ್ಕೆ ಮೂರು. ಕುದಿನೀರನ್ನು ಮೊದಲು ಸುರಿದರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಮುಚ್ಚಳ ಹಾಕುವ ಮುಂಚೆ ಮೊಣಕೈ ಅದ್ದಿ ನೋಡಿ. ಬೆರಳಿಗೆ ಹದ ಅನಿಸಿದ್ದು ಬೆನ್ನಿಗೆ ಸುಡಬಹುದು.

ಬಚ್ಚಲಲ್ಲಿ ಕೂತುಕೊಂಡೇ ಸ್ನಾನ ಮಾಡಿ. ದೋಣಿ ಹೊಯ್ದಾಡುವಾಗ ಸೋಪಿನ ಕಾಲಲ್ಲಿ ನಿಲ್ಲುವುದು ಅಪಾಯ. ಸ್ಪ್ರೇಯರ್‌ಗೆ ಇಪ್ಪತ್ತು-ಮೂವತ್ತು ಸಲ ಗಾಳಿ ಹೊಡೆದು ಕಾಲುಗಳ ನಡುವೆ ಇಟ್ಟುಕೊಳ್ಳಿ. ಕತ್ತಿನಿಂದ ಕೆಳಗೆ ಒದ್ದೆ ಮಾಡಿಕೊಳ್ಳಲು ಒಂದು ಲೀಟರ್ ಧಾರಾಳ. ಈಗ ಹಿಡಿ ಬಿಟ್ಟುಬಿಡಿ. ಸೋಪು, ಉಜ್ಜುವುದು ಎಲ್ಲ ಆರಾಮಾಗಿ ಆಗಲಿ. ಆಮೇಲೆ ಮೇಲಿನಿಂದ ಕೆಳಕ್ಕೆ ತೊಳೆಯುತ್ತಾ ಬನ್ನಿ. ಧಾರೆ ಸಣ್ಣದು, ಆದರೆ ಒತ್ತಡ ಇರುವುದರಿಂದ ನೊರೆ ಬೇಗ ಬಿಡುತ್ತದೆ. ಕೊನೆಗೊಂದು ಲೀಟರ್ ಉಳಿದಿರುತ್ತದೆ ನೋಡಿ, ಅದನ್ನು ಕತ್ತಿನ ಹಿಂಭಾಗಕ್ಕೆ, ಬೆನ್ನಿಗೆ ನಿಧಾನವಾಗಿ ಬಿಟ್ಟುಕೊಳ್ಳಿ. ದಿನವಿಡೀ ಹಗ್ಗ ಎಳೆದ ಭುಜಕ್ಕೆ ಅದು ಎಷ್ಟು ಹಿತ ಅಂತ ನಿಮ್ಮ ಮನೆಯವರೇ ಹೇಳುತ್ತಾರೆ. ದಿನ ಬಿಟ್ಟು ದಿನ ಇಬ್ಬರೂ ಹೀಗೆ ಸ್ನಾನ ಮಾಡಿದರೆ ವಾರಕ್ಕೆ 50 ಲೀಟರೂ ದಾಟುವುದಿಲ್ಲ.

ಬಿಸಿಲಿರುವ ದಿನಗಳಲ್ಲಿ ಕಪ್ಪು ಸೋಲಾರ್ ಚೀಲ ಸಾಕು, ಗ್ಯಾಸ್ ಉಳಿಯುತ್ತದೆ. ಮಧ್ಯಾಹ್ನ ಡೆಕ್ ಮೇಲೆ ಮಲಗಿಸಿಟ್ಟರೆ ಎರಡು-ಮೂರು ಗಂಟೆಯಲ್ಲಿ ಕಾಯುತ್ತದೆ. 20 ಲೀಟರಿನದು ಬೇಡ, 10 ಲೀಟರಿನದು ತನ್ನಿ. ತೂಗಾಡುವ ಡೆಕ್ ಮೇಲೆ ನಿಂತು 20 ಕಿಲೋ ಎತ್ತಿ ಕಟ್ಟುವುದು ಸೊಂಟಕ್ಕೆ ಒಳ್ಳೆಯದಲ್ಲ. ಹೊತ್ತು ಮುಳುಗುವ ಮುಂಚೆಯೇ ಸ್ನಾನ ಮುಗಿಸಿ, ಆಮೇಲೆ ಬೇಗ ಆರುತ್ತದೆ.

ಮುಂದೆ ಕೈಯಲ್ಲಿ ದುಡ್ಡು ಓಡಾಡಿದಾಗ ಕ್ಯಾಲೊರಿಫೈಯರ್ ಹಾಕಿಸಿ. ಎಂಜಿನ್ ತಂಪು ಮಾಡುವ ಕೂಲೆಂಟ್ ಸುಮಾರು 80 ಡಿಗ್ರಿ ಬಿಸಿ ಇರುತ್ತದೆ. ಅದನ್ನು 20-25 ಲೀಟರಿನ ಒಂದು ಟ್ಯಾಂಕಿನೊಳಗಿನ ಸುರುಳಿ ಕೊಳವೆಯಲ್ಲಿ ಹಾಯಿಸುತ್ತಾರೆ. ಹೇಗೂ ಸಮುದ್ರಕ್ಕೆ ಹೋಗುತ್ತಿದ್ದ ಬಿಸಿ, ನೀರಿಗೆ ಬರುತ್ತದೆ. ಲಂಗರು ಹಾಕುವ ಜಾಗಕ್ಕೆ ಎಂಜಿನ್ ಓಡಿಸಿಕೊಂಡು ಬರುವ ಮುಕ್ಕಾಲು ಗಂಟೆ, ಒಂದು ಗಂಟೆಯಲ್ಲಿ ಟ್ಯಾಂಕ್ ಕಾದಿರುತ್ತದೆ. ಹೊದಿಕೆ ಚೆನ್ನಾಗಿದ್ದರೆ ಮರುದಿನ ಬೆಳಗ್ಗೆಯೂ ಬೆಚ್ಚಗಿರುತ್ತದೆ. ಆದರೆ ಸ್ನಾನಕ್ಕಾಗಿಯೇ ಲಂಗರಲ್ಲಿ ನಿಂತು ಎಂಜಿನ್ ಓಡಿಸಬೇಡಿ. ಹೊರೆ ಇಲ್ಲದೆ ಗಂಟೆಗಟ್ಟಲೆ ಓಡುವ ಡೀಸೆಲ್ ಎಂಜಿನ್ ಒಳಗೆ ಮಸಿ ಕಟ್ಟುತ್ತದೆ. ಪಕ್ಕದ ದೋಣಿಯವರ ನಿದ್ದೆಯೂ ಹಾಳು.

ಈ ಟ್ಯಾಂಕಿನ ನೀರು ಚರ್ಮ ಸುಡುವಷ್ಟು ಬಿಸಿ ಇರುತ್ತದೆ. ತಣ್ಣೀರು ತಾನೇ ಬೆರೆಸಿ ಹದ ಕಾಯುವ ಮಿಕ್ಸಿಂಗ್ ವಾಲ್ವ್ ಹಾಕಿಸದೆ ಬಿಡಬೇಡಿ. ನಲ್ಲಿ ತಿರುಗಿಸಿದ ಕೂಡಲೇ ಬರುವುದು ಕೊಳವೆಯಲ್ಲಿ ನಿಂತ ತಣ್ಣೀರು. ಐದು ಮೀಟರ್ ಕೊಳವೆಯಲ್ಲಿ ಅರ್ಧ ಲೀಟರಿಗೂ ಹೆಚ್ಚು ಇರುತ್ತದೆ. ಅದನ್ನು ಕೆಟಲ್‌ಗೆ ಹಿಡಿದಿಡಿ. ಕಾಯುವಾಗ ಸುರಕ್ಷತಾ ವಾಲ್ವ್‌ನಿಂದ ಸ್ವಲ್ಪ ನೀರು ತೊಟ್ಟಿಕ್ಕಿದರೆ ಗಾಬರಿ ಬೇಡ, ಕಾದ ನೀರು ಹಿಗ್ಗುವುದೇ ಕಾರಣ. ತಣ್ಣಗಾದ ಮೇಲೂ ತೊಟ್ಟಿಕ್ಕುತ್ತಿದ್ದರೆ ಮಾತ್ರ ವಾಲ್ವ್ ತೋರಿಸಿ.

ಪ್ರಶ್ನೆ: ನಮ್ಮ ಹಳೇ ದೋಣಿಯ ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದೆ. ಹೊಗೆ ಕೊಳವೆ ಇಲ್ಲ. ಐದು ನಿಮಿಷವಷ್ಟೇ ಉರಿಸುವುದು, ಪರವಾಗಿಲ್ಲ ಅಲ್ವಾ?

ಉತ್ತರ: ಐದು ನಿಮಿಷವೂ ಬೇಡ. ಇವತ್ತೇ ಅದರ ಗ್ಯಾಸ್ ಬಂದ್ ಮಾಡಿ, ದಯವಿಟ್ಟು. ಬಚ್ಚಲು ಇರುವುದೇ ಒಂದು ಬೀರುವಿನಷ್ಟು. ಅಷ್ಟು ಜಾಗದಲ್ಲಿ ಉರಿಗೆ ಗಾಳಿ ಸಾಲದೆ ಬಂದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು, ವಾಕರಿಕೆ, ಮಂಪರು ಬರುತ್ತದೆ. ದೋಣಿಯಲ್ಲಿ ಇದೇ ದೊಡ್ಡ ಅಪಾಯ, ಏಕೆಂದರೆ ಸಮುದ್ರದ ವಾಂತಿಗೂ ಇದೇ ಲಕ್ಷಣ. 'ಸ್ವಲ್ಪ ಮಲಗಿಕೋ, ಸರಿಹೋಗುತ್ತೆ' ಅಂತ ಒಳಗೇ ಮಲಗಿಸಿಬಿಡುತ್ತಾರೆ. ಹಾಗೆ ಅನಿಸಿದರೆ ಮೊದಲು ಹೊರಗಿನ ಗಾಳಿಗೆ ಬನ್ನಿ.

ಗ್ಯಾಸ್ ಗೀಸರೇ ಬೇಕು ಅಂದರೆ ಹೊರಗಿನಿಂದಲೇ ಗಾಳಿ ಎಳೆದು ಹೊರಕ್ಕೇ ಹೊಗೆ ಬಿಡುವ, ಪೂರ್ತಿ ಮುಚ್ಚಿದ ಮಾದರಿಯದು ಮಾತ್ರ. ಅದನ್ನೂ ದೋಣಿಯ ಗ್ಯಾಸ್ ಕೆಲಸ ಬಲ್ಲವರೇ ಕೂರಿಸಬೇಕು. ಮಲಗುವ ಜಾಗದಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಲೇಬೇಕು, ಯಾವ ಗೀಸರ್ ಇರಲಿ, ಇಲ್ಲದಿರಲಿ. ಇನ್ನೊಂದು ಮಾತು: ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ಕೆಳಗಿಳಿದು ದೋಣಿಯ ತಳದ ಪೊಳ್ಳು ಜಾಗವಾದ ಬಿಲ್ಜ್‌ನಲ್ಲಿ ನಿಲ್ಲುತ್ತದೆ, ಒಂದು ಕಿಡಿ ಸಾಕು. ಕೆಟಲ್ ಕಾಯಿಸಿದ ಮೇಲೆ ಸಿಲಿಂಡರಿನ ಬಳಿಯೇ ವಾಲ್ವ್ ಮುಚ್ಚುವ ಅಭ್ಯಾಸ ಮನೆಮಂದಿಗೆಲ್ಲ ಆಗಲಿ. ನಮ್ಮ ಯಜಮಾನರು ಅದನ್ನು ಜೋರಾಗಿ ಹೇಳಿಯೇ ಮುಚ್ಚುತ್ತಾರೆ, ನಾನು 'ಹ್ಞೂಂ' ಅನ್ನುವವರೆಗೆ ಅಲ್ಲಿಂದ ಕದಲುವುದಿಲ್ಲ.

ಪ್ರಶ್ನೆ: ಸುತ್ತ ಅಷ್ಟು ನೀರಿದೆ. ಸಮುದ್ರದ ನೀರಲ್ಲೇ ಮಿಂದರೆ ಆಗದೇ? ಸೋಪು ಮಾತ್ರ ನೊರೆಯೇ ಬರುವುದಿಲ್ಲ.

ಉತ್ತರ: ಖಂಡಿತ ಆಗುತ್ತದೆ, ನೀರು ಚೊಕ್ಕಟವಾಗಿದ್ದರೆ. ಸಮುದ್ರದ ನೀರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಜಿಡ್ಡು ಕಟ್ಟುತ್ತವೆ. ಶಾಂಪೂ ಹಾಕಿ ನೋಡಿ, ಮೈಗೂ ಅದೇ, ನೊರೆ ಬರುತ್ತದೆ. ಆಮೇಲೆ ಎರಡು ಲೀಟರ್ ಬೆಚ್ಚಗಿನ ಸಿಹಿನೀರಲ್ಲಿ ಮೈ ತೊಳೆಯಲೇಬೇಕು. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುವ ನೀರು ಅದು. ಮೈಮೇಲೆ ಉಳಿದ ಉಪ್ಪು ಟವೆಲ್‌ಗೆ ಹೋಗುತ್ತದೆ, ಟವೆಲ್‌ನಿಂದ ಹಾಸಿಗೆಗೆ. ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತದೆ, ಹಾಸಿಗೆ ಯಾವತ್ತೂ ಒಣಗುವುದೇ ಇಲ್ಲ. ನೀರಿಗೆ ಇಳಿಯುವ ಮುಂಚೆ ಏಣಿ ಕೆಳಗಿದೆಯಾ ನೋಡಿ. ಸೆಳೆತ ಇದ್ದರೆ ಇಳಿಯಲೇಬೇಡಿ, ಬಕೆಟ್‌ನಲ್ಲಿ ಸೇದಿಕೊಳ್ಳಿ. ಒಬ್ಬರು ಮೇಲೆ ಇರಲೇಬೇಕು.

ಪ್ರಶ್ನೆ: ಸ್ನಾನದ ನೀರು ಸೇರುವ ಡಬ್ಬಿಯಿಂದ ಕೊಳೆತ ವಾಸನೆ. ಪಂಪ್ ಕೂಡ ಆಗಾಗ ನಿಲ್ಲುತ್ತದೆ.

ಉತ್ತರ: ಕೂದಲು ಮತ್ತು ಸೋಪಿನ ಜಿಡ್ಡು. ನೀರು ಇಳಿಯುವ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿ, ಪ್ರತಿ ಸ್ನಾನದ ನಂತರ ಕೂದಲು ತೆಗೆಯಿರಿ. ವಾರಕ್ಕೊಮ್ಮೆ ಡಬ್ಬಿ ಬಿಚ್ಚಿ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ, ನೀರು ಏರಿದಾಗ ತೇಲಿ ಪಂಪ್ ಶುರು ಮಾಡುವ ಫ್ಲೋಟ್ ಸ್ವಿಚ್ ಉಜ್ಜಿ. ಅದು ಜಿಡ್ಡಿಗೆ ಅಂಟಿಕೊಂಡಾಗಲೇ ಪಂಪ್ ನಿಲ್ಲುವುದು. ಕೆಲವು ದೋಣಿಗಳಲ್ಲಿ ಸ್ನಾನದ ನೀರು ನೇರ ಬಿಲ್ಜ್‌ಗೆ ಹೋಗುತ್ತದೆ. ನಿಮ್ಮದೂ ಹಾಗಿದ್ದರೆ ಬದಲಾಯಿಸಿ, ಆ ವಾಸನೆ ಆಮೇಲೆ ಹೋಗುವುದು ಬಹಳ ಕಷ್ಟ. ಸೋಪಿನ ನೀರನ್ನು ಬಂದರಿನೊಳಗೆ ಬಿಡಬಹುದೇ ಅಂತ ಅಲ್ಲಿಯವರನ್ನು ಕೇಳಿ, ಒಂದೊಂದು ಕಡೆ ಒಂದೊಂದು ನಿಯಮ. ಸ್ನಾನ ಆದ ಮೇಲೆ ಗೋಡೆ ಒರೆಸಿ, ಬಚ್ಚಲ ಕಿಟಕಿ ತೆರೆದಿಡಿ. ಇಷ್ಟಾದ ಮೇಲೂ ಪಂಪ್ ನಿಂತರೆ ಒಳಗಿನ ರಬ್ಬರ್ ವಾಲ್ವ್ ಬಿಚ್ಚಿ ನೋಡಿ, ಒಂದೇ ಒಂದು ಎಳೆ ಕೂದಲು ಸಿಕ್ಕಿಕೊಂಡರೂ ಅದು ಸರಿಯಾಗಿ ಮುಚ್ಚುವುದಿಲ್ಲ.