ಕೆರೆಯಿಂದ ದೂರ ಇರುವ ದಿಣ್ಣೆಗೂ ಕೆರೆಗೂ ಏನು ಸಂಬಂಧ? ಆನೇಕಲ್ ಕಡೆಯಿಂದ ಒಂದು ಉತ್ತರ

ನೀವು ಕೇಳಿದ್ದು ಇಷ್ಟು: ಕೆರೆಯಿಂದ ಒಂದು ಕಿಲೋಮೀಟರ್ ದೂರದಲ್ಲಿ ಬರಡು ದಿಣ್ಣೆ ಇದೆ. ಬೆಳೆ ಇಲ್ಲ, ನೀರಿಲ್ಲ. ಅಲ್ಲಿ ಲೇಔಟ್ ಬಂದರೆ ಊರಿನವರು ಯಾಕೆ ತಕರಾರು ತೆಗೆಯುತ್ತಾರೆ? ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುತ್ತಾ ಈ ಕಡೆ ಸೈಟ್ ಹುಡುಕುವವರಿಗೆ ಹಾಗೆ ಅನ್ನಿಸುವುದು ಸಹಜ. ಉತ್ತರ ಸ್ವಲ್ಪ ಉದ್ದ ಇದೆ, ಬೇಸರ ಮಾಡ್ಕೋಬೇಡಿ.

ಗಡಿ ಜಿಲ್ಲೆ ಅಂದರೆ ಎಲ್ಲರಿಗೂ ಬೆಳಗಾವಿ, ಬೀದರ್ ನೆನಪಾಗುತ್ತವೆ. ನಮ್ಮ ಆನೇಕಲ್ ತಾಲ್ಲೂಕು ಇರುವ ಬೆಂಗಳೂರು ನಗರ ಜಿಲ್ಲೆಯೂ ಗಡಿ ಜಿಲ್ಲೆಯೇ. ಅತ್ತಿಬೆಲೆ ದಾಟಿದರೆ ತಮಿಳುನಾಡು. ನಮ್ಮ ಸಂತೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಕಿವಿಗೆ ಬೀಳುತ್ತವೆ. ಹೊಸೂರು, ತಳಿ ಕಡೆ ಕನ್ನಡ ಮಾತಾಡುವ ನೆಂಟರಿದ್ದಾರೆ, ಹೆಣ್ಣು ಕೊಡುವುದು ತರುವುದು ಇಂದಿಗೂ ನಡೆಯುತ್ತದೆ. ನಮ್ಮ ಮಳೆನೀರೂ ಚೆಕ್‌ಪೋಸ್ಟ್ ಕೇಳದೆ ಗಡಿ ದಾಟುತ್ತದೆ. ತಾಲ್ಲೂಕಿನ ಪೂರ್ವಕ್ಕೆ ಬಿದ್ದ ನೀರು ದಕ್ಷಿಣ ಪಿನಾಕಿನಿ ಸೇರಿ ಹೊಸೂರಿನ ಹತ್ತಿರದ ಕೆಲವರಪಳ್ಳಿ ಅಣೆಕಟ್ಟೆಗೆ ಹೋಗುತ್ತದೆ. ಬನ್ನೇರುಘಟ್ಟದ ಕಡೆ ಬಿದ್ದದ್ದು ಸುವರ್ಣಮುಖಿ ಹೊಳೆಯಾಗಿ ಅರ್ಕಾವತಿ ಸೇರಿ ಕಾವೇರಿಗೆ ಹೋಗುತ್ತದೆ.

ವರ್ಷಪೂರ್ತಿ ಹರಿಯುವ ನದಿ ನಮಗಿಲ್ಲ. ಅದಕ್ಕೇ ಹಿಂದಿನವರು ಕೆರೆಗಳನ್ನು ಸರಪಳಿಯಂತೆ ಕಟ್ಟಿದರು. ಮೇಲಿನ ಕೆರೆಯ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಆದರೆ ಎಲ್ಲಕ್ಕಿಂತ ಮೇಲಿನ ಕೆರೆಗೆ ನೀರು ಎಲ್ಲಿಂದ ಬರಬೇಕು? ನೀವು ಬರಡು ಅಂದಿರಲ್ಲ, ಆ ದಿಣ್ಣೆಯಿಂದಲೇ. ಅದು ನಮ್ಮ ಗೋಮಾಳ, ಊರಿನ ದನ ಮೇಯುವ ಜಾಗ. ಅಲ್ಲಿ ಬಿದ್ದ ಮಳೆ ಸ್ವಲ್ಪ ಇಂಗುತ್ತದೆ, ಮಿಕ್ಕಿದ್ದು ಸಣ್ಣ ಹಳ್ಳಗಳಲ್ಲಿ ಇಳಿಯುತ್ತದೆ. ದಾರಿಯಲ್ಲಿ ಒಂದೆರಡು ಕುಂಟೆಗಳಲ್ಲಿ, ಅಂದರೆ ಸಣ್ಣ ಹೊಂಡಗಳಲ್ಲಿ, ನಿಂತು ಹೂಳು ಬಿಡುತ್ತದೆ, ಆಮೇಲೆ ಕೆರೆಗೆ ಹೋಗುವ ದೊಡ್ಡ ಕಾಲುವೆ, ಅಂದರೆ ರಾಜಕಾಲುವೆ ಸೇರುತ್ತದೆ. ಸರ್ಕಾರಿ ಕಾಗದದಲ್ಲಿ ಇದಕ್ಕೆ ಜಲಾನಯನ ಪ್ರದೇಶ ಎನ್ನುತ್ತಾರೆ. ನಮ್ಮ ತಾತ ಕೆರೆಯ ನೀರಗಂಟಿಯಾಗಿದ್ದರು, ತೂಬು ಎತ್ತಿ ಅಚ್ಚುಕಟ್ಟಿಗೆ ನೀರು ಬಿಡುವುದು ಅವರ ಕೆಲಸ. ಅವರು "ಕೆರೆಗೆ ನೀರು ಕೊಡೋ ನೆಲ" ಅನ್ನುತ್ತಿದ್ದರು. ಮಳೆಗಾಲಕ್ಕೆ ಮುಂಚೆ ಮೊದಲು ನೋಡುತ್ತಿದ್ದದ್ದು ಏರಿಯನ್ನಲ್ಲ. ದಿಣ್ಣೆಗೆ ಹೋಗಿ ಹಳ್ಳದಲ್ಲಿ ಬಿದ್ದ ಮುಳ್ಳು, ಕಲ್ಲು ತೆಗೆಸಿ ಬರುತ್ತಿದ್ದರು.

ನಮ್ಮೂರಿನ ಇನ್ನೊಂದು ದಿಣ್ಣೆ ಈಗಾಗಲೇ ಲೇಔಟ್ ಆಗಿದೆ. ಕೆಲವು ವರ್ಷದ ಹಿಂದೆ ಜೆಸಿಬಿ ಬಂದು ಎರಡು ಕುಂಟೆ ಮುಚ್ಚಿತು. ನಾಲ್ಕು ಆಳು ಅಗಲದ ಹಳ್ಳ ಒಂದು ಸಿಮೆಂಟ್ ಪೈಪ್ ಆಯಿತು. ಕಾಗದ ನೋಡಿದರೆ ತಪ್ಪು ಕಾಣಲಿಲ್ಲ, ಕೆರೆಯಿಂದ ಬಿಡಬೇಕಾದ ಜಾಗ ಬಿಟ್ಟಿದ್ದರು. 2022ರ ಸೆಪ್ಟೆಂಬರ್ ಮಳೆ ನಿಮಗೂ ನೆನಪಿರಬಹುದು, ಸರ್ಜಾಪುರ ರಸ್ತೆಯಲ್ಲಿ ಜನರನ್ನು ಟ್ರ್ಯಾಕ್ಟರ್‌ನಲ್ಲಿ ಸಾಗಿಸಿದ್ದರು. ಆಗ ಆ ಪೈಪ್ ಕಟ್ಟಿಕೊಂಡು ನೀರು ಮನೆಗಳಿಗೆ ನುಗ್ಗಿತು. ಹೊಸದಾಗಿ ಮನೆ ಕಟ್ಟಿದವರು ಹಾಸಿಗೆ, ಫ್ರಿಜ್ ಎಲ್ಲಾ ಬೀದಿಗೆ ತಂದಿಟ್ಟಿದ್ದರು. ಅವರ ಮುಖ ನೋಡಲಾಗುತ್ತಿರಲಿಲ್ಲ. ಅಷ್ಟು ಮಳೆಯಲ್ಲೂ ಕೆಳಗಿನ ನಮ್ಮ ಕೆರೆಗೆ ಬರಬೇಕಾದಷ್ಟು ನೀರು ಬರಲಿಲ್ಲ. ಈಗ ಆ ಪೈಪಿನಲ್ಲಿ ವರ್ಷಪೂರ್ತಿ ಹರಿಯುವುದು ಮೋರಿ ನೀರು.

ನಿಯಮ ಇಲ್ಲವಾ ಅಂತ ನೀವು ಕೇಳಬಹುದು. ಇದೆ. ಆದರೆ ಹೆಚ್ಚಿನವು ಕೆರೆ, ಕಾಲುವೆಯಿಂದ ಇಷ್ಟು ಮೀಟರ್ ಬಿಡಿ ಎನ್ನುವ ನಿಯಮಗಳು. ಬೆಂಗಳೂರಿನ 2015ರ ಮಾಸ್ಟರ್ ಪ್ಲಾನ್ ಪ್ರಕಾರ ಕೆರೆಗೆ 30 ಮೀಟರ್ ಬಿಡಬೇಕಿತ್ತು. ರಾಜಕಾಲುವೆಗೆ ಅದರ ದರ್ಜೆ ನೋಡಿ 50, 25, 15 ಮೀಟರ್. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆಗೆ 75 ಮೀಟರ್ ಎಂದಿತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಮೂವತ್ತೋ ಎಪ್ಪತ್ತೈದೋ ಅಂತ ವಾದ ಜೋರಾಗಿ ನಡೆಯಿತು. ಕೆರೆಯಿಂದ ಸಾವಿರ ಮೀಟರ್ ದೂರದ ದಿಣ್ಣೆ ಆ ವಾದದೊಳಗೆ ಬರಲೇ ಇಲ್ಲ. ಪ್ಲಾನ್‌ನಲ್ಲಿ ಯಾವ ಜಾಗ ಯಾವುದಕ್ಕೆ ಎಂದು ತೋರಿಸಲು ಸರ್ವೆ ನಂಬರಿಗೆ ಒಂದು ಬಣ್ಣ ಕೊಡುತ್ತಾರೆ. ನೀರು ಇಳಿಜಾರು ನೋಡಿ ಹರಿಯುತ್ತದೆ, ಬಣ್ಣ ನೋಡಿ ಅಲ್ಲ.

ಪೂರ್ತಿ ಜಲಾನಯನವನ್ನೇ ಲೆಕ್ಕಕ್ಕೆ ತೆಗೆದುಕೊಂಡ ಒಂದು ಪ್ರಯತ್ನ ನಗರದ ಪಶ್ಚಿಮಕ್ಕೆ ನಡೆದಿದೆ. ಅರ್ಕಾವತಿಗೆ 1894ರಲ್ಲಿ ಹೆಸರಘಟ್ಟದಲ್ಲಿ ಕಟ್ಟೆ ಕಟ್ಟಿ ಬೆಂಗಳೂರಿಗೆ ನೀರು ತಂದರು. ಅದು ಸಾಲದೆ 1933ರಲ್ಲಿ ಅರ್ಕಾವತಿ, ಕುಮುದ್ವತಿ ಕೂಡುವಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಬಂತು. ನಂದಿಬೆಟ್ಟದಿಂದ ಶಿವಗಂಗೆಯವರೆಗಿನ ಹಳ್ಳಿಗಳ ಮಳೆ ಅಲ್ಲಿಗೆ ಬರಬೇಕು. ಆ ಹಳ್ಳಿಗಳಲ್ಲಿ ಬೋರ್‌ವೆಲ್ ಹೆಚ್ಚಾದವು, ನೀಲಗಿರಿ ತೋಪು ಹೆಚ್ಚಾಯಿತು, ಹಳ್ಳಗಳು ಮುಚ್ಚಿದವು. ಬರುವ ನೀರು ಇಳಿಯುತ್ತಾ ಹೋಯಿತು, ಬಂದದ್ದೂ ಕೊಳೆಯಾಯಿತು. 2003ರಲ್ಲಿ ಸರ್ಕಾರ ಆ ಪ್ರದೇಶವನ್ನು ನಾಲ್ಕು ವಲಯ ಮಾಡಿ ಎಲ್ಲಿ ಏನು ಕಟ್ಟಬಹುದು ಅಂತ ಆದೇಶ ಹೊರಡಿಸಿತು. ನನ್ನ ಮಟ್ಟಿಗೆ ಅದು ಸರಿಯಾದ ಯೋಚನೆ, ಆದರೆ ತುಂಬಾ ತಡವಾಗಿ ಬಂತು. ಮುಂದೆ ಹಲವು ವರ್ಷ ಅಲ್ಲಿಂದ ನಗರಕ್ಕೆ ನೀರು ಎತ್ತುವುದೇ ನಿಂತುಹೋಯಿತು. ಒಂದು ಕಾಲದಲ್ಲಿ ಬೆಂಗಳೂರಿಗೆ ಕುಡಿಯಲು ಕೊಟ್ಟ ಜಲಾಶಯ ಅದು!

ಹಾಗಂತ ನೀವು ಇಲ್ಲಿ ಮನೆ ಕಟ್ಟಬೇಡಿ ಅಂತ ಅಲ್ಲ. ನಮ್ಮ ಮಕ್ಕಳಿಗೂ ಮನೆ ಬೇಕು. ಊರಿಗೆ ಹೊಂದಿಕೊಂಡ ಜಾಗದಲ್ಲಿ ಒತ್ತಾಗಿ ಕಟ್ಟಲಿ. ಗೋಮಾಳ, ಗುಂಡುತೋಪು, ಕುಂಟೆ, ಹಳ್ಳ ಬಿಡಲಿ. ಮಳೆನೀರಿಗೆ ಒಂದು ದಾರಿ, ಕೊಳಚೆಗೆ ಬೇರೆ ದಾರಿ ಇರಲಿ. ನಾವು ಗ್ರಾಮಸಭೆಯಲ್ಲಿ ಕೇಳುವುದು ಇಷ್ಟೇ. ನಮ್ಮ ಪಂಚಾಯಿತಿಗೆ ಕಾವೇರಿ ಬಂದಿಲ್ಲ. ಬೋರ್‌ವೆಲ್ ಸಾವಿರ ಅಡಿ ದಾಟಿದೆ. ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾಯಬೇಕು. ನೀವು ಬಂದ ಮೇಲೆ ನಿಮ್ಮದೂ ಅದೇ ಬೋರ್‌ವೆಲ್, ಅದೇ ಟ್ಯಾಂಕರ್, ಅಲ್ವಾ?

ಸೈಟ್ ನೋಡಲು ಹೋದಾಗ ಒಂದು ಕೆಲಸ ಮಾಡಿ. ಬ್ರೋಷರ್ ಬದಿಗಿಡಿ. ಮೊಬೈಲಿನಲ್ಲಿ ಸರ್ಕಾರದ ಭೂನಕ್ಷೆ ತೋರಿಸುವ ದಿಶಾಂಕ್ ಆ್ಯಪ್ ತೆರೆದು ಆ ಸರ್ವೆ ನಂಬರ್ ನೋಡಿ. ಹಳೆಯ ಗ್ರಾಮ ನಕ್ಷೆ ತರಿಸಿ ಹಳ್ಳದ ಗೆರೆ ಎಲ್ಲಿ ಹಾದಿದೆ ನೋಡಿ. ಪಹಣಿಯಲ್ಲಿ 'ಬಿ ಖರಾಬು' ಎಂದಿದ್ದರೆ ಅದು ಸಾರ್ವಜನಿಕರ ಜಾಗ, ಕಾಲುವೆಯೋ ದಾರಿಯೋ ಇರುತ್ತದೆ. ಆಮೇಲೆ ಜೋರು ಮಳೆ ಬಂದ ಮಾರನೇ ದಿನ ಇನ್ನೊಂದು ಸಲ ಹೋಗಿ. ಸುಮ್ನೆ ಅರ್ಧ ಗಂಟೆ ನಿಂತು, ನೀರು ಎಲ್ಲಿಂದ ಬಂದು ಎಲ್ಲಿಗೆ ಇಳಿಯುತ್ತಿದೆ ನೋಡಿ. ನಮ್ಮೂರಿಗೇ ಬರುವುದಾದರೆ ಬೆಳಿಗ್ಗೆ ಏಳಕ್ಕೆ ಏರಿ ಹತ್ತಿರ ಬನ್ನಿ, ದಿಣ್ಣೆಗೆ ನಾನೇ ಕರೆದುಕೊಂಡು ಹೋಗುತ್ತೇನೆ. ಎರಡು ಹಳ್ಳ ಇನ್ನೂ ತೆರೆದಿವೆ.