ಡಿಎನ್‌ಎ ಇರುವಾಗ ಎಂಆರ್‌ಎನ್‌ಎ ಏಕೆ ಬೇಕು?

ಪ್ರಶ್ನೆ: ಪ್ರೋಟೀನ್ ತಯಾರಿಕೆಗೆ ಬೇಕಾದ ಮಾಹಿತಿಯೆಲ್ಲ ಡಿಎನ್‌ಎಯಲ್ಲೇ ಇದೆ ಎಂದು ಓದಿದ್ದೇನೆ. ಹಾಗಿದ್ದರೆ ನಡುವೆ ಸಂದೇಶವಾಹಕ ಆರ್‌ಎನ್‌ಎ (ಎಂಆರ್‌ಎನ್‌ಎ) ಏಕೆ? ಅದನ್ನು ತಯಾರಿಸಿದ ಜೀವಕೋಶವೇ ಸ್ವಲ್ಪ ಹೊತ್ತಿನಲ್ಲಿ ಒಡೆದುಹಾಕುತ್ತದಂತೆ. ಇದು ದುಂದಲ್ಲವೇ?

ಉತ್ತರ: ನಿಮ್ಮ ಎರಡನೆಯ ಪ್ರಶ್ನೆ ಹಿಡಿದು ಹೋದರೆ ಮೊದಲನೆಯದಕ್ಕೂ ಉತ್ತರ ಸಿಗುತ್ತದೆ. ಬೇಗ ಒಡೆದುಹೋಗುವ ಗುಣವೇ ಎಂಆರ್‌ಎನ್‌ಎಯ ಬಲ.

ಸಾಮಾನ್ಯವಾಗಿ ಹೇಳುವ ಕಾರಣವೊಂದಿದೆ. ಡಿಎನ್‌ಎ ಇರುವುದು ಕೋಶಕೇಂದ್ರದೊಳಗೆ, ಪ್ರೋಟೀನ್ ಜೋಡಿಸುವ ರೈಬೋಸೋಮ್‌ಗಳಿರುವುದು ಹೊರಗಿನ ಕೋಶದ್ರವದಲ್ಲಿ. ಆದ್ದರಿಂದ ಓಲೆ ಮುಟ್ಟಿಸುವವರು ಬೇಕು. ಮಾತು ನಿಜ, ಆದರೆ ಅಷ್ಟಕ್ಕೇ ನಿಲ್ಲುವುದು ಸರಿಯಲ್ಲ. ಬ್ಯಾಕ್ಟೀರಿಯಾಗಳಿಗೆ ಕೋಶಕೇಂದ್ರವೇ ಇಲ್ಲ. ಡಿಎನ್‌ಎಯೂ ರೈಬೋಸೋಮ್‌ಗಳೂ ಒಂದೇ ಆವರಣದಲ್ಲಿದ್ದರೂ ಅವು ಎಂಆರ್‌ಎನ್‌ಎಯನ್ನು ಕೈಬಿಟ್ಟಿಲ್ಲ.

ಈ.ಕೋಲೈ ಬ್ಯಾಕ್ಟೀರಿಯಾವನ್ನೇ ನೋಡಿ. ಲ್ಯಾಕ್ಟೋಸ್ ಸಕ್ಕರೆಯನ್ನೇ ನಂಬಬೇಕಾಗಿ ಬಂದಾಗ ಅದನ್ನು ಸೀಳುವ ಕಿಣ್ವವನ್ನು ಕೆಲವೇ ನಿಮಿಷಗಳಲ್ಲಿ ತಯಾರಿಸತೊಡಗುತ್ತದೆ. ಸಕ್ಕರೆ ಮುಗಿದರೆ ತಯಾರಿಕೆಯೂ ಬೇಗನೆ ನಿಲ್ಲುತ್ತದೆ. ಜೀನ್‌ನಿಂದ (ಆ ಕಿಣ್ವದ ಮಾಹಿತಿಯಿರುವ ಡಿಎನ್‌ಎ ಭಾಗದಿಂದ) ತೆಗೆದ ಪ್ರತಿ, ಅಂದರೆ ಎಂಆರ್‌ಎನ್‌ಎ, ಅಳಿಯದೆ ಉಳಿದಿದ್ದರೆ ಹಳೆಯ ಆಜ್ಞೆ ಸುಮ್ಮನೆ ಪಾಲನೆಯಾಗುತ್ತಲೇ ಇರುತ್ತಿತ್ತು. ಇನ್ನೊಂದು ಅನುಕೂಲವೂ ಉಂಟು: ಒಂದೇ ಜೀನ್‌ನಿಂದ ಅನೇಕ ಪ್ರತಿಗಳನ್ನು ತೆಗೆಯಬಹುದು, ಒಂದೊಂದು ಪ್ರತಿಯನ್ನೂ ಹಲವು ರೈಬೋಸೋಮ್‌ಗಳು ಸಾಲಾಗಿ ಹಿಂದೆ ಹಿಂದೆಯೇ ಓದಬಹುದು. ಮೂಲಪ್ರತಿಗೆ ಸವೆತವಿಲ್ಲ. ಇನ್ನು ದುಂದಿನ ಮಾತು: ಒಡೆದ ಎಂಆರ್‌ಎನ್‌ಎಯ ತುಣುಕುಗಳನ್ನು ಕೋಶವು ಹೊಸ ಆರ್‌ಎನ್‌ಎ ಕಟ್ಟಲು ಮತ್ತೆ ಬಳಸಿಕೊಳ್ಳುತ್ತದೆ. ಶಕ್ತಿ ಖರ್ಚಾಗುತ್ತದೆ, ನಿಜ. ಆ ಖರ್ಚು ಹಿಡಿತಕ್ಕಾಗಿ ತೆತ್ತ ಬೆಲೆ.

ವಿಜ್ಞಾನಿಗಳು ಎಂಆರ್‌ಎನ್‌ಎಯನ್ನು ಗುರುತಿಸಿದ್ದು ಕೂಡ ಈ ಅಲ್ಪಾಯುಷ್ಯದ ಜಾಡಿನಲ್ಲೇ ಎಂಬುದು ನನಗೆ ಇಂದಿಗೂ ರೋಮಾಂಚನ ತರುವ ಸಂಗತಿ. ರೈಬೋಸೋಮ್‌ನೊಳಗಿನ ಆರ್‌ಎನ್‌ಎಯೇ ಸಂದೇಶ ಹೊತ್ತಿರಬಹುದೆಂದು ಹಲವರು ಭಾವಿಸಿದ್ದ ಕಾಲವದು. ಆದರೆ ಅದು ಬಹುಕಾಲ ಬಾಳುವಂಥದ್ದು. ಕ್ಷಣಕ್ಷಣಕ್ಕೂ ಬದಲಾಗುವ ಆಜ್ಞೆಗಳಿಗೆ ಹೊಂದುವುದಿಲ್ಲ. ಸಿಡ್ನಿ ಬ್ರೆನ್ನರ್, ಫ್ರಾಂಸ್ವಾ ಜಾಕೋಬ್ ಮತ್ತು ಮ್ಯಾಥ್ಯೂ ಮೆಸೆಲ್ಸನ್ ಬ್ಯಾಕ್ಟೀರಿಯಾಕ್ಕೆ ವೈರಸ್ ಸೋಂಕು ತಗುಲಿಸಿ ನೋಡಿದರು. ವೈರಸ್ ತನಗಾಗಿ ಹೊಸ ರೈಬೋಸೋಮ್‌ಗಳನ್ನು ಕಟ್ಟಿಸಿರಲಿಲ್ಲ. ಹಳೆಯ ರೈಬೋಸೋಮ್‌ಗಳಿಗೇ ಹೊಸದೊಂದು ಆರ್‌ಎನ್‌ಎ ಬಂದು ಅಂಟಿಕೊಂಡಿತ್ತು. ಅಂದರೆ ರೈಬೋಸೋಮ್ ಯಾವ ಆಜ್ಞೆಯನ್ನಾದರೂ ಓದಬಲ್ಲ ಯಂತ್ರ. ಆಜ್ಞೆ ಬೇರೆಯೇ ಬರುತ್ತದೆ. ಇದು 1961ರಲ್ಲಿ ಪ್ರಕಟವಾಯಿತು.

ಆಜ್ಞೆಯ ಭಾಷೆಯ ಮೊದಲ ಪದ ತಿಳಿದದ್ದೂ ಅದೇ ವರ್ಷ. ನಿರೆನ್‌ಬರ್ಗ್ ಮತ್ತು ಮಥಾಯ್ ಅವರು ಆರ್‌ಎನ್‌ಎಯನ್ನು ಕಟ್ಟುವ ರಾಸಾಯನಿಕ ಅಕ್ಷರಗಳಲ್ಲಿ ಒಂದಾದ ಯುರಾಸಿಲ್ ಮಾತ್ರ ಇರುವ ಆರ್‌ಎನ್‌ಎಯನ್ನು ರೈಬೋಸೋಮ್‌ಗಳಿಗೆ ಕೊಟ್ಟಾಗ ಫಿನೈಲ್‌ಅಲನೈನ್ ಎಂಬ ಒಂದೇ ಅಮೈನೋ ಆಮ್ಲದ (ಪ್ರೋಟೀನ್ ಕಟ್ಟುವ ಘಟಕದ) ಸರಪಳಿ ಬಂದಿತು. ರೈಬೋಸೋಮ್ ಅಕ್ಷರಗಳನ್ನು ಮೂರು ಮೂರಾಗಿ ಓದುತ್ತದೆ. ಇಂಥ ಮೂರಕ್ಷರದ ಗುಂಪೇ ಕೋಡಾನ್. ಒಟ್ಟು 64 ಕೋಡಾನ್‌ಗಳಲ್ಲಿ 61 ಅಮೈನೋ ಆಮ್ಲಗಳನ್ನು ಸೂಚಿಸುತ್ತವೆ, ಉಳಿದ ಮೂರು 'ನಿಲ್ಲಿಸು' ಎನ್ನುತ್ತವೆ. ತಕ್ಕ ಅಮೈನೋ ಆಮ್ಲವನ್ನು ಹೊತ್ತು ತರುವುದು ಟಿಆರ್‌ಎನ್‌ಎ ಎಂಬ ಇನ್ನೊಂದು ಬಗೆಯ ಆರ್‌ಎನ್‌ಎ. ನಡುವೆ ಒಂದಕ್ಷರ ಬಿಟ್ಟುಹೋದರೆ ಅಲ್ಲಿಂದ ಮುಂದಿನ ಓದೆಲ್ಲ ಕೆಡುತ್ತದೆ.

ಎಲ್ಲ ಎಂಆರ್‌ಎನ್‌ಎಗಳ ಆಯುಸ್ಸೂ ಒಂದೇ ಅಲ್ಲ. ಬ್ಯಾಕ್ಟೀರಿಯಾದಲ್ಲಿ ಸಾಮಾನ್ಯವಾಗಿ ಕೆಲವು ನಿಮಿಷ, ನಮ್ಮ ಕೋಶಗಳಲ್ಲಿ ಹಲವು ಗಂಟೆ. ಬೆಳೆಯುತ್ತಿರುವ ಕೆಂಪು ರಕ್ತಕಣವು ತನ್ನ ಕೋಶಕೇಂದ್ರವನ್ನೇ ಹೊರದೂಡಿಬಿಡುತ್ತದೆ. ಅಲ್ಲಿಂದಾಚೆಗೆ ಹೊಸ ಪ್ರತಿ ತೆಗೆಯಲು ಮೂಲವೇ ಇಲ್ಲ. ಆದರೂ ಮೊದಲೇ ಕೂಡಿಟ್ಟ, ಗಟ್ಟಿ ಬಾಳಿಕೆಯ ಎಂಆರ್‌ಎನ್‌ಎಗಳನ್ನು ಓದುತ್ತಾ ಅದು ಇನ್ನಷ್ಟು ಕಾಲ ಹಿಮೋಗ್ಲೋಬಿನ್ ತಯಾರಿಸುತ್ತದೆ. ಆ ಪ್ರತಿಗಳೂ ರೈಬೋಸೋಮ್‌ಗಳೂ ಅಳಿದ ಮೇಲೆ ಕಣವು ಹೊಸ ಪ್ರೋಟೀನ್ ಒಂದನ್ನೂ ಕಟ್ಟಲಾರದು. ಕಟ್ಟಿಕೊಂಡಿದ್ದರಲ್ಲೇ ಸುಮಾರು 120 ದಿನ ಬಾಳುತ್ತದೆ.