ಕೂಲಂಟ್ ಹೋಸ್ ತೊಟ್ಟಿಕ್ಕುತ್ತಿದೆ: ರಬ್ಬರ್ ಸುತ್ತಿ ಘಾಟಿ ಹತ್ತಬಹುದೇ?

ಪ್ರಶ್ನೆ: ನಮ್ಮ ಮನೆಯಲ್ಲಿ 1998ರ ಮಾರುತಿ 800 ಇದೆ. ತಂದೆಯವರು ಕೊಂಡ ಕಾರು, ಮಾರುವ ಮನಸ್ಸಿಲ್ಲ. ಒಂದು ತಿಂಗಳಿನಿಂದ ಬೆಳಿಗ್ಗೆ ಶೆಡ್ಡಿನ ನೆಲದ ಮೇಲೆ ಹಸಿರು ಹನಿಗಳು ಕಾಣುತ್ತಿವೆ. ರೇಡಿಯೇಟರಿನ ಮೇಲಿನ ಹೋಸ್ ಕ್ಲ್ಯಾಂಪ್ ಇರುವ ಕಡೆ ಒದ್ದೆಯಾಗಿರುತ್ತದೆ. ಪರಿಚಯದ ಮೆಕ್ಯಾನಿಕ್ ಸೈಕಲ್ ಟ್ಯೂಬಿನ ರಬ್ಬರ್ ಸುತ್ತಿಕೊಟ್ಟು, ದಿನವೂ ನೀರು ಹಾಕಿ ಓಡಿಸಿ ಎಂದಿದ್ದಾರೆ. ಮುಂದಿನ ತಿಂಗಳು ತೀರ್ಥಹಳ್ಳಿಯಿಂದ ಆಗುಂಬೆಯ ಮೇಲೆ ಉಡುಪಿಗೆ ಹೋಗಿಬರಬೇಕು. ಹೀಗೆಯೇ ಹೋಗಬಹುದೇ? ಹೋಸನ್ನು ನಾನೇ ಬದಲಿಸಬಹುದೇ?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ದಯವಿಟ್ಟು ಹೀಗೆಯೇ ಹೋಗಬೇಡಿ. ಹೋಗುವಾಗ ಘಾಟಿ ಇಳಿಜಾರು, ಬಹುಶಃ ಏನೂ ಆಗಲಿಕ್ಕಿಲ್ಲ. ನನಗೆ ಭಯವಿರುವುದು ವಾಪಸು ಬರುವ ದಾರಿಯ ಬಗ್ಗೆ. ಘಾಟಿಯ ಬುಡದ ಸೋಮೇಶ್ವರ ದಾಟಿ ಹತ್ತಲು ಶುರುಮಾಡಿದರೆ ಆ ತಿರುವುಗಳಲ್ಲಿ ಮೂರು ಸಿಲಿಂಡರಿನ 796 ಸಿಸಿ ಇಂಜಿನ್ ಕೆಳ ಗೇರಿನಲ್ಲಿ ಪೂರ್ತಿ ಶಕ್ತಿ ಹಾಕಿ ದುಡಿಯಬೇಕು. ಕಾರಿನ ವೇಗ ಕಡಿಮೆ, ಎದುರುಗಾಳಿಯಿಲ್ಲ, ರೇಡಿಯೇಟರಿಗೆ ಫ್ಯಾನ್ ಒಂದೇ ಗತಿ. ಹೋಸಿನ ಮೇಲೆ ಅತಿ ಹೆಚ್ಚು ಒತ್ತಡ ಬೀಳುವುದು ಅಲ್ಲೇ. ಊರೊಳಗೆ ಹನಿ ಹಾಕುವ ಹೋಸ್ ಘಾಟಿಯ ನಡುವೆ ಬಾಯಿಬಿಡುತ್ತದೆ.

ದಿನವೂ ನೀರು ಹಾಕುವುದು ಏಕೆ ಸಾಲದು ಎಂಬುದನ್ನು ಹೇಳಿಬಿಡುತ್ತೇನೆ. ರೇಡಿಯೇಟರಿನ ಮುಚ್ಚಳ ಕುಕ್ಕರಿನ ವೆಯ್ಟಿನಂತೆ ಕೆಲಸ ಮಾಡುತ್ತದೆ. ಹಲವು ಕಾರುಗಳ ಮುಚ್ಚಳದ ಮೇಲೆ 0.9 ಎಂದು ಬರೆದಿರುತ್ತದೆ, ಅದು ಬಾರ್ ಲೆಕ್ಕದಲ್ಲಿ ಒಳಗೆ ನಿಲ್ಲುವ ಒತ್ತಡ. ಅಷ್ಟು ಒತ್ತಡ ನಿಂತರೆ ಬರೀ ನೀರು ಕೂಡ 100 ಡಿಗ್ರಿಗೆ ಕುದಿಯದೆ ಸುಮಾರು 118 ಡಿಗ್ರಿಯವರೆಗೆ ತಡೆಯುತ್ತದೆ. ಇಂಜಿನ್ ತಣಿಸಲೆಂದೇ ಇರುವ ದ್ರವ, ಅಂದರೆ ಕೂಲಂಟ್ ಬೆರೆತಿದ್ದರೆ ಇನ್ನೂ ಹೆಚ್ಚು. ಹೋಸ್ ಸೋರಿದರೆ ಒತ್ತಡವೇ ನಿಲ್ಲುವುದಿಲ್ಲ. ಅಂದರೆ ದ್ರವವೂ ಕಡಿಮೆಯಾಯಿತು, ಉಳಿದ ದ್ರವ ಬೇಗ ಕುದಿಯುವಂತೆಯೂ ಆಯಿತು. ಈ ಇಂಜಿನ್ನಿನ ಹೆಡ್, ಅಂದರೆ ಸಿಲಿಂಡರುಗಳ ಮೇಲೆ ಕೂರುವ ಭಾಗ, ಅಲ್ಯೂಮಿನಿಯಮ್ಮಿನದು. ಒಮ್ಮೆ ಚೆನ್ನಾಗಿ ಕಾದರೆ ಬಾಗುತ್ತದೆ, ಅದರ ಕೆಳಗೆ ಸಂದು ಮುಚ್ಚುವ ಗ್ಯಾಸ್ಕೆಟ್ ಹೋಗುತ್ತದೆ. ಹೋಸಿನ ಬೆಲೆಯನ್ನು ಆ ರಿಪೇರಿಯ ಬಿಲ್ಲಿನ ಪಕ್ಕ ಇಟ್ಟು ನೋಡಿ. ಬರೀ ನೀರು, ಅದರಲ್ಲೂ ಬೋರ್‌ವೆಲ್ ನೀರು ಹಾಕುತ್ತಾ ಹೋದರೆ ಒಳಗೆ ತುಕ್ಕು ಹಿಡಿದು ಸುಣ್ಣದಂಥ ಪದರ ಕಟ್ಟುತ್ತದೆ.

ಇನ್ನೊಂದು ವಿಷಯವನ್ನು ಅನೇಕ ಮೆಕ್ಯಾನಿಕ್‌ಗಳೂ ಗಮನಿಸುವುದಿಲ್ಲ. ಹೋಸ್ ಹಾಳಾಗುವುದು ಒಳಗಿನಿಂದ. ಬೇರೆ ಬೇರೆ ಲೋಹಗಳ ನಡುವೆ ಕೂಲಂಟ್ ಓಡಾಡುವಾಗ ಬ್ಯಾಟರಿಯೊಳಗೆ ನಡೆಯುವಂಥ ಕ್ರಿಯೆ ಸಣ್ಣದಾಗಿ ನಡೆದು, ಹೋಸಿನ ಒಳಮೈಯಲ್ಲಿ ಉದ್ದುದ್ದ ಬಿರುಕುಗಳು ಏಳುತ್ತವೆ. ಹೆಚ್ಚಾಗಿ ಅವು ತುದಿಗಳ ಹತ್ತಿರ, ಕ್ಲ್ಯಾಂಪಿನ ಆಸುಪಾಸಿನಲ್ಲೇ ಇರುತ್ತವೆ. ಹೊರಗೆ ಮಾತ್ರ ಹೊಳೆಯುವ ಕಪ್ಪು ರಬ್ಬರ್. ಇಂಜಿನ್ ಪೂರ್ತಿ ತಣ್ಣಗಿದ್ದಾಗ ಕ್ಲ್ಯಾಂಪಿನ ಪಕ್ಕದಲ್ಲಿ ಹೆಬ್ಬೆರಳು, ತೋರುಬೆರಳಿನಿಂದ ಹಿಚುಕಿ; ಹಾಗೆಯೇ ಮಧ್ಯದಲ್ಲೂ ಹಿಚುಕಿ. ಮಧ್ಯಕ್ಕಿಂತ ತುದಿ ಮೆತ್ತಗಿದ್ದರೆ, ಒಳಗೆ ಸೀಳು ಬಿಟ್ಟಂತೆ ಬೆರಳಿಗೆ ತಿಳಿದರೆ, ಅದರ ಆಯಸ್ಸು ಮುಗಿದಿದೆ. ಕಟ್ಟಿಗೆಯಂತೆ ಗಟ್ಟಿಯಾಗಿದ್ದರೂ, ಎಣ್ಣೆ ಕುಡಿದು ಉಬ್ಬಿದ್ದರೂ ಅಷ್ಟೆ. ಮೇಲಿನ ಹೋಸಿನಷ್ಟೇ ವಯಸ್ಸು ಕೆಳಗಿನದಕ್ಕೂ ಹೀಟರಿನ ಹೋಸ್‌ಗಳಿಗೂ ಆಗಿದೆ. ಎಲ್ಲವನ್ನೂ ಹೊಸ ಕ್ಲ್ಯಾಂಪ್‌ಗಳೊಂದಿಗೆ ಒಂದೇ ಸಲಕ್ಕೆ ಬದಲಿಸಿ.

ನೀವೇ ಮಾಡಬಹುದು, ಒಂದು ಬೆಳಗಿನ ಕೆಲಸ. ಕೊಳ್ಳುವಾಗ ನಿಮ್ಮ ಮಾದರಿಗೆಂದೇ ಬಾಗು ಕೊಟ್ಟು ಅಚ್ಚು ಹಾಕಿದ ಹೋಸನ್ನೇ ಕೇಳಿ. ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುವ ನೇರ ಪೈಪನ್ನು ಬಗ್ಗಿಸಿ ಹಾಕಿದರೆ ತಿರುವಿನಲ್ಲಿ ಮಡಚಿ ದಾರಿ ಕಟ್ಟುತ್ತದೆ.

ರಾತ್ರಿಯಿಡೀ ನಿಂತ ಕಾರಿನ ಮೇಲಷ್ಟೇ ಕೈಯಿಡಿ. ಬಿಸಿ ಇಂಜಿನ್ನಿನ ಮುಚ್ಚಳ ತೆರೆದು ಮುಖ, ಕೈ ಸುಟ್ಟುಕೊಂಡವರನ್ನು ನಾನು ಕಂಡಿದ್ದೇನೆ. ಬ್ಯಾಟರಿಯ ನೆಗೆಟಿವ್ ತಂತಿಯನ್ನೂ ಕಳಚಿ. ಕೆಲವು ಕಾರುಗಳಲ್ಲಿ ಕೀಲಿ ತೆಗೆದಿದ್ದರೂ ಫ್ಯಾನ್ ತಾನಾಗಿ ತಿರುಗುತ್ತದೆ. ಕೆಳಗೆ ಅಗಲವಾದ ಟಬ್ ಇಟ್ಟು ಕೂಲಂಟ್ ಇಳಿಸಿ. ಅದು ರುಚಿಗೆ ಸಿಹಿ, ಆದರೆ ವಿಷ. ಅಂಗಳದಲ್ಲಿ ಚೆಲ್ಲಿದರೆ ನಾಯಿ, ಕರುಗಳು ನೆಕ್ಕುತ್ತವೆ. ಕ್ಯಾನಿಗೆ ತುಂಬಿ, ಹಳೆಯ ದ್ರವವನ್ನು ಪಡೆದುಕೊಳ್ಳುವ ವರ್ಕ್‌ಶಾಪಿಗೆ ಕೊಡಿ.

ಹಳೆಯ ಹೋಸ್ ಕಚ್ಚಿಕೊಂಡಿರುತ್ತದೆ. ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ, ರೇಡಿಯೇಟರಿನ ಕೊಳವೆ ಮುರಿದೀತು. ಹೋಸ್ ಹೇಗೂ ಎಸೆಯುವಂಥದ್ದು. ಬ್ಲೇಡಿನಿಂದ ಉದ್ದಕ್ಕೆ ಹಗುರಾಗಿ ಸೀಳಿ, ಸಿಪ್ಪೆ ಸುಲಿದಂತೆ ತೆಗೆಯಿರಿ. ಈಗ ಕಾಣುವ ಲೋಹದ ಕೊಳವೆಯ ಮೇಲೆ ಬಿಳಿ ಅಥವಾ ಹಸಿರು ಪದರವಿದ್ದರೆ ನಯವಾದ ಮರಳು ಕಾಗದದಿಂದ ಉಜ್ಜಿ ಒರೆಸಿ. ಹೊಸ ಹೋಸ್ ಹಾಕಿದ ಮೇಲೂ ಸೋರುತ್ತದೆ ಎಂದು ದೂರುವವರಲ್ಲಿ ಬಹಳ ಮಂದಿ ಬಿಟ್ಟಿರುವುದು ಈ ಕೆಲಸವನ್ನೇ. ಹೋಸ್ ಜಾರಲು ಗ್ರೀಸ್, ಎಣ್ಣೆ ಬೇಡ, ರಬ್ಬರನ್ನು ತಿನ್ನುತ್ತವೆ. ಸ್ವಲ್ಪ ಕೂಲಂಟ್ ಸವರಿದರೆ ಸಾಕು. ಕೊಳವೆಯ ತುದಿಯಲ್ಲಿ ಉಬ್ಬು ಇರುತ್ತದಲ್ಲವೇ, ಕ್ಲ್ಯಾಂಪ್ ಅದರ ಹಿಂದೆ ಕೂರಬೇಕು, ಉಬ್ಬಿನ ಮೇಲಲ್ಲ. ಬಿಗಿ ಹದವಾಗಿರಲಿ, ಕ್ಲ್ಯಾಂಪಿನ ಸಂದಿಗಳಿಂದ ರಬ್ಬರ್ ಹೊರಗೆ ಉಕ್ಕಿದರೆ ಅತಿಯಾಯಿತು.

ಕೂಲಂಟ್ ತುಂಬುವ ಮೊದಲು ಡಬ್ಬಿಯ ಮೇಲೆ ಓದಿಕೊಳ್ಳಿ. ಬೆರೆಸಿಯೇ ಬಂದದ್ದಾದರೆ ಹಾಗೆಯೇ ಹಾಕಿ, ಗಟ್ಟಿ ದ್ರವವಾದರೆ ಅದರಲ್ಲಿ ಹೇಳಿದ ಪ್ರಮಾಣದ ಡಿಸ್ಟಿಲ್ಡ್ ವಾಟರ್ ಬೆರೆಸಿ. ನಂತರ ಬ್ಯಾಟರಿ ತಂತಿ ಜೋಡಿಸಿ, ಮುಚ್ಚಳ ತೆರೆದಿಟ್ಟು, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಇಂಜಿನ್ ನಿಧಾನವಾಗಿ ಓಡಲು ಬಿಡಿ. ಗುಳ್ಳೆಗಳು ಎದ್ದು ಮಟ್ಟ ಇಳಿಯುತ್ತದೆ, ತುಂಬುತ್ತಾ ಇರಿ. ಇಂಜಿನ್ ಕಾದಾಗ ಕೂಲಂಟಿಗೆ ದಾರಿ ಬಿಡುವ ಕವಾಟ, ಥರ್ಮೋಸ್ಟಾಟ್, ತೆರೆದಾಗ ಮೇಲಿನ ಹೋಸ್ ಬಿಸಿಯಾಗುತ್ತದೆ. ಗುಳ್ಳೆ ನಿಂತ ಮೇಲೆ ಮುಚ್ಚಿ. ಮುಚ್ಚಳದ ರಬ್ಬರ್ ಸೀಳಿದ್ದರೆ ಅದನ್ನೂ ಹೊಸದು ಹಾಕಿ.

ಮೊದಲು ಊರಿನ ಸುತ್ತ ಓಡಿಸಿ, ತಣ್ಣಗಾದ ಮೇಲೆ ಕ್ಲ್ಯಾಂಪ್‌ಗಳನ್ನು ಮತ್ತೊಮ್ಮೆ ಬಿಗಿಮಾಡಿ. ಒಂದು ವಾರ ದಿನವೂ ಬೆಳಿಗ್ಗೆ ರಿಸರ್ವಾಯರ್ ಡಬ್ಬಿಯ ಮಟ್ಟ ನೋಡಿ. ನೆಲ ಒಣಗಿದ್ದೂ ಮಟ್ಟ ಇಳಿಯುತ್ತಿದ್ದರೆ, ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ ಬಂದರೆ, ಅಥವಾ ಇಂಜಿನ್ ಆಯಿಲ್ ಹಾಲು ಬೆರೆತಂತೆ ಕಂಡರೆ ಸೋರಿಕೆ ಇಂಜಿನ್ನಿನ ಒಳಗಿದೆ. ಆಗ ಉಡುಪಿಗೆ ಬಸ್ಸಿನಲ್ಲಿ ಹೋಗಿಬನ್ನಿ, ಕಾರು ವರ್ಕ್‌ಶಾಪಿಗೆ ಹೋಗಲಿ.